ಕೊನೆಯ ಸರದಿಯ ಟಿಲ್ಲಿ

ಚರ್ಚಿನ ಬಾಗಿಲಿಗೆ ಗಸ್ ಒಳಗಿನಿಂದ ಚಿಲಕ ಹಾಕುತ್ತಿದ್ದಾಗ ಮಗಳು ನೋರಾ ಬಂದು ಕೈ ಹಿಡಿದಳು.

"ಅಪ್ಪಾ, ಏನ್ ಮಾಡ್ತಿದೀಯ? ಇದು ಅಮ್ಮನ ಅಂತ್ಯಕ್ರಿಯೆ, ಜೈಲಲ್ಲ."

"ಬಂದಿರೋರೆಲ್ಲ ಸಿನಿಮಾದವರು. ಮಧ್ಯಾಹ್ನ ಶೂಟಿಂಗ್ ಇದೆ. ಪ್ರಾರ್ಥನೆ ಮಧ್ಯದಲ್ಲೇ ಎದ್ದು ಹೋಗ್ತಾರೆ, ನೋಡ್ತಿರು. ಇವತ್ತೂ ಟಿಲ್ಲಿ ಜನರ ಬೆನ್ನೇ ನೋಡ್ಬೇಕಾ?"

"ಅಮ್ಮ ಯಾವತ್ತಾದ್ರೂ ಬಾಗ್ಲು ಹಾಕಿ ಜನರನ್ನ ಕೂರಿಸಿದ್ಲಾ? ತೆಗಿ ಚಿಲಕ."

ಗಸ್ ಗೊಣಗುತ್ತಲೇ ತೆಗೆದ.

*

ಆಗಿನ ಅಮೆರಿಕದ ವಾಡ್‌ವಿಲ್ ಎಂಬ ವಿನೋದದಾಟದ ರಂಗಮಂದಿರಗಳಲ್ಲಿ ಹಾಡು, ಜಾದೂ, ನಾಯಿಗಳ ಕಸರತ್ತು ಒಂದರ ಹಿಂದೊಂದು ಬರುತ್ತಿದ್ದವು. ಕೊನೆಯ ಸರದಿ ಮಾತ್ರ ಯಾರಿಗೂ ಬೇಡ. ಮುಂದಿನ ಆಟದ ಜನ ಹೊರಗೆ ಕಾಯುತ್ತಿರುವಾಗ ಒಳಗಿದ್ದವರು ಎದ್ದು ಹೋಗಲಿ ಎಂದೇ ಅಲ್ಲೊಂದು ಸಪ್ಪೆ ಆಟ ಇಡುತ್ತಿದ್ದರು. ಮದುವೆಯಾದಂದಿನಿಂದ ಟಿಲ್ಲಿ ಮತ್ತು ಗಸ್ ಆ ಸರದಿಯವರು. ಗಸ್ ಏಣಿ ಹಿಡಿಯುತ್ತಿದ್ದ, ಟಿಲ್ಲಿ ಜನರನ್ನು ನಗಿಸಲು ಮೇಲಿನಿಂದ ಬೀಳುತ್ತಿದ್ದಳು.

ಟೊಲಿಡೊ ಊರಿನಲ್ಲಿ ಒಂದು ಸಂಜೆ ಅವಳು ಏಣಿಯ ತುದಿಯಿಂದ ಬಾಗಿಲತ್ತ ಹೊರಟ ಬೆನ್ನುಗಳನ್ನು ಕೂಗಿದಳು: "ಅಣ್ಣಾ, ನಿಧಾನವಾಗಿ ಕೋಟು ಹಾಕ್ಕೊಳ್ಳಿ. ಅವಸರ ಇಲ್ಲ, ನಾನು ಆಮೇಲೆ ಬೀಳ್ತೀನಿ."

ನಿಜಕ್ಕೂ ಒಂಟಿ ಕಾಲಿನಲ್ಲಿ ಕಾದಳು. ಜನ ತಿರುಗಿದ ಮೇಲೆಯೇ ಬಿದ್ದಳು. ಒಂದು ತೋಳು ಕೋಟಿನೊಳಗೆ, ಇನ್ನೊಂದು ಹೊರಗೆ, ಹಾಗೇ ನಿಂತು ನಕ್ಕವರು ಮತ್ತೆ ಬಂದು ಕುಳಿತರು.

ಪರದೆಯ ಹಿಂದೆ ಮ್ಯಾನೇಜರ್ ಕೆಂಡವಾಗಿದ್ದ. "ಏನಮ್ಮ, ಹಾಲ್ ಖಾಲಿ ಮಾಡು ಅಂತ ಇಟ್ಕೊಂಡ್ರೆ ತುಂಬಿಸ್ತೀಯಲ್ಲ? ಹೊರಗೆ ಜನ ಹಿಮದಲ್ಲಿ ನಡುಗ್ತಿದಾರೆ."

ಅಂದೇ ಕೆಲಸ ಹೋಯಿತು. ಆದರೆ ಅರ್ಧ ಕೋಟಿನಲ್ಲಿ ನಕ್ಕವರಲ್ಲಿ ಹಾಲಿವುಡ್ಡಿನ ನಿರ್ದೇಶಕನೂ ಒಬ್ಬನಿದ್ದ. ಆಮೇಲೆ ಟಿಲ್ಲಿ ತೆರೆಯ ಮೇಲೆ ಅಡುಗೆಯವಳಾದಳು, ಅತ್ತೆಯಾದಳು, ಪಕ್ಕದ ಮನೆಯವಳಾದಳು. ನಾಯಕಿಯ ಹೆಸರು ಮರೆತವರೂ ಅವಳು ಬಿದ್ದದ್ದನ್ನು ಮರೆಯಲಿಲ್ಲ.

*

ಪಾದ್ರಿ ಮಾತಾಡಲು ಕರೆದಾಗ ಗಸ್ ಎದ್ದು ನಿಂತ. ಹೊರಗೆ ಸ್ಟುಡಿಯೋದ ಕಾರುಗಳು ಹಾರ್ನ್ ಹೊಡೆಯತೊಡಗಿದ್ದವು.

"ನಾನು ಏಣಿ ಹಿಡೀತಿದ್ದೆ, ಅಷ್ಟೆ. ಬಿಡ್ಬೇಕಾದಾಗ ಬಿಡ್ತಿದ್ದೆ. ಮೊನ್ನೆ ಆಸ್ಪತ್ರೇಲಿ ಅವಳ ಕೈ ಬಿಡೋಕಾಗ್ಲಿಲ್ಲ. 'ಬಿಡೋ ಗಸ್, ತಡ ಮಾಡಿ ಆಟ ಕೆಡಿಸ್ತಿದೀಯ' ಅಂದ್ಲು."

ಚರ್ಚಿನ ತುಂಬ ನಗು ಎದ್ದಿತು. ನಗುತ್ತಲೇ ಕೆಲವರು ಕರವಸ್ತ್ರ ಹುಡುಕಿದರು.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಹೆಸರಾಂತ ನಟಿಯೊಬ್ಬಳು ಎದ್ದಳು. ಗಸ್ ಮಾತು ನಿಲ್ಲಿಸಿ ಬಾಗಿಲತ್ತ ನೋಡಿದ. ಅವಳು ತನ್ನ ಅಗಲದ ಟೋಪಿ ತೆಗೆದು, "ಹಿಂದಿನವರಿಗೆ ನೀವು ಕಾಣಿಸ್ತಿಲ್ಲ, ಮುಂದುವರಿಸಿ" ಎಂದು ಕುಳಿತಳು.

ಗಸ್ ಮುಂದುವರಿಸಿದ. ಏಣಿಯ ಕತೆ ಮುಗಿದು ನಾಯಿಗಳ ಕತೆ ಬಂತು. ಪಾದ್ರಿ ಕೊನೆಯ ಪ್ರಾರ್ಥನೆ ಹೇಳಿ, "ಇನ್ನು ಹೊರಡಬಹುದು" ಎಂದ. ಒಬ್ಬರೂ ಏಳಲಿಲ್ಲ. ಮತ್ತೊಮ್ಮೆ ಹೇಳಿ ನೋಡಿ, ಗಸ್‌ನ ಕಿವಿಯಲ್ಲಿ, "ನೀವೇ ಹೇಳಿ ಕಳಿಸಿ" ಎಂದ.

"ಅದೊಂದು ಕೆಲಸಕ್ಕೇ ನಮ್ಮನ್ನ ಇಟ್ಕೊಂಡಿದ್ರು, ಫಾದರ್. ನಮ್ಮವಳು ಕಲೀಲೇ ಇಲ್ಲ."

ಹೊರಗೆ ಹಾರ್ನ್ ನಿಂತಿತ್ತು. ಬಾಗಿಲು ತೆರೆದುಕೊಂಡು ಕಾರಿನ ಚಾಲಕನೊಬ್ಬ ಕ್ಯಾಪ್ ಕೈಯಲ್ಲಿ ಹಿಡಿದು ಒಳಗೆ ಬಂದ. ಹಿಂದಿನ ಬೆಂಚಿನವರ ಭುಜ ಮುಟ್ಟಿ ಪಿಸುಗುಟ್ಟಿದ:

"ಸ್ವಲ್ಪ ಸರ್ಕೊಳ್ಳಿ."