ದೊರೆಸಾನಿ ಎಲ್ಲವಳೆ?

ನಾನು ಒಂದು ಕೊಳಕುಮಂಡಲ. ಮೈತುಂಬ ಮೂರೆಳೆ ಸರ ಹಾಕಿಕೊಂಡೇ ಹುಟ್ಟಿದ ನನಗೆ ‘ಕೊಳಕು’ ಎಂದು ಹೆಸರಿಟ್ಟವನ ಕಣ್ಣಿಗೆ ಪೊರೆ ಬಂದಿರಬೇಕು. ಮೊಟ್ಟೆಯೊಡೆದು ತೆವಳಿ ಬರುವ ಬಡಪಾಯಿಗಳ ಪೈಕಿ ನಾನಲ್ಲ. ತಾಯಿಯ ಹೊಟ್ಟೆಯಿಂದ ನೇರ ನೆಲಕ್ಕೆ ಬಿದ್ದವಳು, ಬೀಳುವಾಗಲೇ ಬಾಯಲ್ಲಿ ವಿಷ ಇದ್ದವಳು. ನನ್ನ ಮೊದಲ ಬುಸುಗುಟ್ಟುವಿಕೆಗೆ ಬೇಲಿಯ ಓತಿಕ್ಯಾತಗಳೆಲ್ಲ ಊರು ಬಿಟ್ಟವು. ಒಂದು ಮಾತ್ರ ಉಳಿಯಿತು. ಅದನ್ನು ತಿಂದೆ.

ಒಡಹುಟ್ಟಿದವರು ಒಂದು ಬುಟ್ಟಿಯಷ್ಟಿದ್ದರು. ಹೆಚ್ಚಿನವರು ನವಿಲು, ಮುಂಗುಸಿಗಳ ಪಾಲಾದರು. ಉಳಿದವರು ನನ್ನ ಹಾಗೆಯೇ ಈ ಹಿಪ್ಪುನೇರಳೆ ತೋಟದಲ್ಲಿ ಇಲಿ ಹಿಡಿಯುತ್ತ ದೊಡ್ಡವರಾದರು. ಇದನ್ನು ನೀವು ನೆನಪಿಡಿ. ತೋಟದವರು ಮರೆತರು.

ತೋಟ ಕೆಂಪಾಜಮ್ಮನದು. ಮನೆಯಲ್ಲಿ ರೇಷ್ಮೆಹುಳು ಸಾಕುತ್ತಾರೆ, ಬೆಳಗಾದರೆ ಸೊಪ್ಪು ಕೊಯ್ಯಲು ಬರುತ್ತಾರೆ. ಅವರನ್ನೆಲ್ಲ ನಾನು ಪಾದದಿಂದಲೇ ಬಲ್ಲೆ. ಕೆಂಪಾಜಮ್ಮ ನಡೆದರೆ ಒರಳು ಉರುಳಿಸಿದಂತೆ. ಮಗ ಮಾದೇಶ ಕಾಲೆಳೆದು ದೂಳೆಬ್ಬಿಸುತ್ತಾನೆ. ಸೊಸೆ ಚಿಕ್ಕತಾಯಿಯದು ಮಾತ್ರ ಎಲೆ ಉದುರಿದಂಥ ಹೆಜ್ಜೆ, ಪಕ್ಕಕ್ಕೆ ಬರುವವರೆಗೂ ನನಗೇ ತಿಳಿಯದು. ಹಾವಿಗೆ ಕಿವಿಯಿಲ್ಲ, ಇವಳು ಮಾತು ಹೇಗೆ ಕೇಳಿದಳು ಎನ್ನುತ್ತೀರೋ? ಇಡೀ ನೆಲವೇ ನನ್ನ ಕಿವಿ. ಪಕ್ಕದ ತಾಲ್ಲೂಕಿನಲ್ಲಿ ಇಲಿ ಆಕಳಿಸಿದರೂ ನನಗೆ ಕೇಳುತ್ತದೆ.

ಒಂದು ದಿನ ಮೊಣಕಾಲುದ್ದದ ಬೂಟಿನಲ್ಲಿ ಹೊಸ ಪಾದಗಳು ಬಂದವು. ಅವಳು ಜಯಶೀಲಾ, ಹಾವುಗಳ ಮೇಲೆ ಸಂಶೋಧನೆ ಮಾಡುವವಳು. ನಾವು ಎಲ್ಲಿ ಮಲಗುತ್ತೇವೆ, ಯಾವಾಗ ಏಳುತ್ತೇವೆ, ಮನುಷ್ಯರ ದಾರಿಗೆ ಎಲ್ಲಿ ಅಡ್ಡ ಬರುತ್ತೇವೆ ಎಂಬುದು ತಿಳಿದರೆ ಕಚ್ಚಿಸಿಕೊಳ್ಳುವವರು ಕಡಿಮೆಯಾದಾರು ಎಂದು ಅವಳ ನಂಬಿಕೆ. ನನ್ನನ್ನು ಹಿಡಿಯಲು ಒಂದು ಸೈನ್ಯವೇ ಬೇಕಾಯಿತು. ಸರಿ, ಅವಳೊಬ್ಬಳೇ ಇದ್ದಳು, ಕೈಯಲ್ಲೊಂದು ಕೊಕ್ಕೆಯಿತ್ತು. ಆದರೆ ಕೊಕ್ಕೆ ಬಹಳ ಉದ್ದದ್ದು. ಗಾಜಿನಂಥ ಕೊಳವೆಗೆ ನನ್ನ ತಲೆ ತೂರಿಸಿ, ಮಂಪರು ಬರಿಸಿ, ವೈದ್ಯರೊಬ್ಬರಿಂದ ನನ್ನ ಪಕ್ಕೆಯೊಳಗೆ ಬೆರಳುಗಾತ್ರದ ಯಂತ್ರವೊಂದನ್ನು ಇಡಿಸಿ, ಹೊಲಿಸಿ, ಹಿಡಿದ ಜಾಗಕ್ಕೇ ತಂದು ಬಿಟ್ಟಳು. ಆಮೇಲೆ ಅವಳು ಆಂಟೆನಾ ಹಿಡಿದು ತಿರುಗುವಳು. ನಾನಿದ್ದ ಕಡೆಗೆ ತಿರುಗಿದಾಗ ಹೆಗಲ ಮೇಲಿನ ಡಬ್ಬಿ ‘ಟಿಕ್ ಟಿಕ್’ ಎನ್ನುವುದು.

ಅಲ್ಲಿಂದ ನನ್ನ ಕೀರ್ತಿ ಏಳು ಹೋಬಳಿ ದಾಟಿತು. ಕೆಂಪಾಜಮ್ಮನೇ ನನಗೆ ‘ದೊರೆಸಾನಿ’ ಎಂದು ಹೆಸರಿಟ್ಟಳು. ನಾನೆಲ್ಲಿದ್ದೇನೆ ಎಂದು ಕೇಳದೆ ಯಾರೂ ತೋಟಕ್ಕೆ ಕಾಲಿಡುತ್ತಿರಲಿಲ್ಲ.

“ಏನಮ್ಮೋ ಹಾವಮ್ಮ, ನಿಮ್ಮ ದೊರೆಸಾನಿ ಇವತ್ತು ಎಲ್ಲವಳೆ?”

“ಪಡುವಲ ಬದುವಿನ ಕತ್ತಾಳೆ ಬುಡದಲ್ಲಿ, ದೊಡ್ಡಮ್ಮ. ಮಲಗಿದ್ದಾಳೆ.”

“ಇನ್ನೂ ಎದ್ದಿಲ್ವಾ? ನಮ್ಮ ಚಿಕ್ಕತಾಯೇ ವಾಸಿ ಬುಡು.”

“ಅವ್ಳಿಗೇನತ್ತೆ, ಎಬ್ಸಕ್ಕೆ ಅತ್ತೆ ಇಲ್ಲ, ಮಲಗವಳೆ,” ಎನ್ನುವಳು ಚಿಕ್ಕತಾಯಿ.

“ಬಾಯಿ ನೋಡು ಇವಳ್ದು!”

ನಗುತ್ತ ಎಲ್ಲರೂ ಮೂಡಲ ಸಾಲುಗಳಿಗೆ ನುಗ್ಗುವರು. ಅಲ್ಲೇ ನನ್ನ ತಮ್ಮ ಮಲಗುತ್ತಿದ್ದದ್ದು. ಅವನಿಗೆ ಯಂತ್ರವಿಲ್ಲ, ಹೆಸರಿಲ್ಲ, ತಾಳ್ಮೆಯಂತೂ ಹುಟ್ಟಿನಿಂದಲೇ ಇಲ್ಲ.

ಜಯಶೀಲಾ ಎಲ್ಲರಿಗೂ ಬೂಟು ಕೊಟ್ಟಿದ್ದಳು, ಬುಡ ತಟ್ಟಲು ಕೋಲು ಕೊಟ್ಟಿದ್ದಳು. ನನ್ನ ಕಣ್ಣ ಮುಂದೆಯೇ ಬೂಟು ಹೋಗಿ ಚಪ್ಪಲಿ ಬಂತು, ಚಪ್ಪಲಿ ಹೋಗಿ ಬರಿಗಾಲು ಬಂತು. ಒಂದು ಬೂಟಿನಲ್ಲಿ ಕೋಳಿ ಮೊಟ್ಟೆಯಿಡುತ್ತಿದೆ ಎಂದು ಕೇಳಿದೆ.

“ಬೂಟೆಲ್ಲಿ ದೊಡ್ಡಮ್ಮ?”

“ದೊರೆಸಾನಿ ಆ ಕಡೆ ಅವಳೆ ಅಂದ್ಯಲ್ಲ ಮಗ. ಈ ಕಡೆ ಬೂಟ್ಯಾಕೆ?”

“ಯಂತ್ರ ಇರೋದು ಅವಳೊಬ್ಬಳಿಗೆ. ಬೇರೆಯವೂ ಇರ್ತವೆ.”

“ಇರ್ಲಿ ಬುಡು.”

ಹೀಗೆಂದರೂ ಮರುದಿನ ಮತ್ತೆ ಬೆರಳು ಮಾಡಿ ತೋರಿಸುವವಳು ಜಯಶೀಲಾಳೇ. ಕೇಳುವವರಿದ್ದರೆ ಹೇಳುವುದಕ್ಕೆ ಎಂಥ ರುಚಿ! ಆ ರುಚಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಬರಿಗಾಲುಗಳು ತಮ್ಮನ ಕಡೆಗೆ ಹೊರಟಾಗಲೆಲ್ಲ ನನ್ನ ಮೈ ಬಿಗಿಯುತ್ತಿತ್ತು. ಪ್ರತಿ ಬೆಳಗ್ಗೆಯೂ ಇವತ್ತೇ, ಇವತ್ತೇ ಎನ್ನಿಸುತ್ತಿತ್ತು.

ರೇಷ್ಮೆಹುಳುಗಳು ನಾಲ್ಕನೇ ಜ್ವರದಿಂದ, ಎಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದಿದ್ದವು. ಆ ಪೊರೆ ಬಿಟ್ಟ ಮೇಲೆ ಅವು ಸೊಪ್ಪು ತಿನ್ನುವ ಸದ್ದು ಮಳೆ ಸುರಿದಂತೆ. ಎಷ್ಟು ತಂದರೂ ಸಾಲದು. ಚಿಕ್ಕತಾಯಿ ಓಡೋಡಿ ಬಂದಳು, ಎಲೆ ಉದುರಿದಂತೆ. ತಮ್ಮನಿಗೆ ತಿಳಿಯಲೇ ಇಲ್ಲ. ಅರ್ಧ ಬುಸುಗುಟ್ಟಿದ್ದು ನನಗೆ ಕೇಳಿತು. ಉಳಿದರ್ಧ ಅವಳ ಚೀರಾಟದಲ್ಲಿ ಮುಳುಗಿತು.

“ಕಟ್ಟಬೇಡಿ! ಕುಯ್ಬೇಡಿ! ನೇರ ಆಸ್ಪತ್ರೆಗೆ!” ಜಯಶೀಲಾ ಕೂಗುತ್ತ ಓಡಿದಳು. ಮಾದೇಶ, ಕೆಂಪಾಜಮ್ಮರ ನಡುವೆ ಚಿಕ್ಕತಾಯಿಯನ್ನು ಕೂರಿಸಿಕೊಂಡು ಬೈಕು ಹೊರಟಿತು. ತಮ್ಮ ಇಲಿಯ ಬಿಲ ಸೇರಿದ. ಅವನ ವಿಷ ನನ್ನದರ ಕಾಲುಭಾಗಕ್ಕೂ ಬಾರದು. ಆದರೂ ಆ ಕಾಲುಭಾಗವೇ ಮನುಷ್ಯರ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆಂದು ಬಲ್ಲವಳಾಗಿ ನಾನು ಕತ್ತಾಳೆಯೊಳಗೆ ಇನ್ನಷ್ಟು ಸುತ್ತಿಕೊಂಡೆ.

ಸಂಜೆ ಮಾದೇಶ ಹಾರೆ ಹಿಡಿದು ಬಂದ.

“ತೋರ್ಸಿ ಮೇಡಂ. ಎಲ್ಲವಳೆ ನಿಮ್ಮ ದೊರೆಸಾನಿ?”

“ಕಚ್ಚಿದ್ದು ಅವಳಲ್ಲ ಮಾದೇಶಣ್ಣ. ಅವಳು ಆ ಸಾಲಿನ ಕಡೆ ಹೋಗೇ ಇರ್ಲಿಲ್ಲ.”

“ಯಾವ್ದಾದ್ರೇನು? ಸಿಗೋದು ಅದೊಂದೇ ತಾನೆ?”

ಅವನ ಹಾರೆ ನನ್ನ ಮೂಗಿನಿಂದ ಒಂದು ಮಾರು ದೂರದಲ್ಲಿತ್ತು. ಹೆದರಿದೆನೆಂದು ತಿಳಿಯಬೇಡಿ, ನಡುಗುತ್ತಿದ್ದದ್ದು ಒಳಗಿನ ಯಂತ್ರ. ಅವಳ ಹೆಗಲ ಮೇಲಿನ ಡಬ್ಬಿ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಇನ್ನೆರಡು ಹೆಜ್ಜೆ ಇಟ್ಟಿದ್ದರೆ ಆ ಸದ್ದೇ ಮಾದೇಶನ ಕೈಹಿಡಿದು ಕರೆತರುತ್ತಿತ್ತು. ಜಯಶೀಲಾ ಗುಂಡಿ ತಿರುಗಿಸಿದಳು. ಡಬ್ಬಿ ಸತ್ತಂತಾಯಿತು.

“ಗೊತ್ತಿಲ್ಲ,” ಎಂದಳು.

“ದಿನಾ ಗೊತ್ತಿರ್ತಿತ್ತಲ್ಲ?”

“ದಿನಾ ಹೇಳಿದ್ದೇ ತಪ್ಪಾಯ್ತು ಅಣ್ಣ. ಇನ್ನು ಹೇಳಲ್ಲ.”

ಅವನು ಹಾರೆಯೆತ್ತಿ ಕತ್ತಾಳೆಗೆ ಅಪ್ಪಳಿಸಿದ. ಕತ್ತಾಳೆಯ ಒಂದು ಪಟ್ಟೆ ನನ್ನ ಬೆನ್ನ ಮೇಲೆಯೇ ಮುರಿದು ಬಿತ್ತು. ಅಷ್ಟರಲ್ಲಿ ಅವನಿಗೆ ಫೋನು ಬಂತು. ರಕ್ತ ಇನ್ನೂ ಹೆಪ್ಪುಗಟ್ಟುತ್ತಿಲ್ಲವಂತೆ, ಬೇಗ ಬಾ ಎಂದಳು ಕೆಂಪಾಜಮ್ಮ. ಹಾರೆಯನ್ನು ಅಲ್ಲೇ ಬಿಟ್ಟು ಓಡಿದ.

ಆಮೇಲಿನ ದಿನಗಳಲ್ಲಿ ನಾನು ಇಲಿ ಹಿಡಿಯಲಿಲ್ಲ, ನೆಲಕ್ಕೆ ಗದ್ದವೂರಿ ಮಲಗಿದ್ದೆ. ಆಸ್ಪತ್ರೆಯಿಂದ ಮನೆಗೆ ಬಂದುಹೋಗುತ್ತಿದ್ದ ಕೆಂಪಾಜಮ್ಮನ ಒರಳು ಒಂಟಿಯಾಗಿ ಉರುಳಿತು. ಜಯಶೀಲಾ ತಾನೇ ಸೊಪ್ಪು ಕೊಯ್ದು ಹುಳುಗಳಿಗೆ ಹೊತ್ತಳು. ಒಮ್ಮೆ ಕೆಂಪಾಜಮ್ಮ ಬದುವಿನ ಮೇಲೆ ನಿಂತು, “ಎಲ್ಲವಳೆ?” ಎಂದು ಬಾಯಿತಪ್ಪಿ ಕೇಳಿದಳು.

“ಗೊತ್ತಿಲ್ಲ ದೊಡ್ಡಮ್ಮ. ಎಲ್ಲಿ ಬೇಕಾದ್ರೂ ಇರ್ಬೋದು.”

ಕೆಂಪಾಜಮ್ಮ ಮನೆಗೆ ಹೋಗಿ ಕೋಳಿಯನ್ನೆಬ್ಬಿಸಿ ಬೂಟು ತಂದಳು. ಎಲೆ ಉದುರುವ ಸದ್ದಿಗಾಗಿ ನಾನು ಕಾಯುತ್ತಲೇ ಇದ್ದೆ. ನಿಜವಾದ ಎಲೆಗಳಷ್ಟೇ ಉದುರಿದವು.

ಹುಳುಗಳೆಲ್ಲ ಗೂಡು ಕಟ್ಟಿ, ಹೊಸ ಚಿಗುರು ಬಂದ ಮೇಲೆ, ಒಂದು ಬೆಳಗ್ಗೆ ಗುರುತಿಲ್ಲದ ಹೆಜ್ಜೆ ಕೇಳಿತು. ದೊಪ್ ದೊಪ್, ಆನೆಮರಿಯ ಹಾಗೆ.

“ಈ ಬೂಟ್ನಾಗೆ ನಡೆಯೋಕಿಂತ ಅದು ಕಚ್ಚೋದೇ ವಾಸಿ ಕಣತ್ತೆ.”

“ಮುಚ್ಚೆ ಬಾಯಿ!” ಎಂದ ಕೆಂಪಾಜಮ್ಮನ ದನಿ ಒಡೆದಿತ್ತು. ಅದು ನಗುವೋ ಅಳುವೋ, ನೆಲಕ್ಕೂ ಅರ್ಥವಾಗಲಿಲ್ಲ. ನಾನು ಮೊದಲ ಸಲ ಚಿಕ್ಕತಾಯಿ ಬರುವುದನ್ನು ಅಷ್ಟು ದೂರದಿಂದ ಕೇಳಿದೆ. ಸರಿದು ದಾರಿ ಬಿಟ್ಟೆ.

ಈಗ ನನಗೆ ವಯಸ್ಸಾಗಿದೆ. ಯಂತ್ರದ ಶಕ್ತಿ ಮುಗಿಯುತ್ತ ಬಂದಾಗ ಜಯಶೀಲಾ ಅದನ್ನು ತೆಗೆಸಿ, ನನ್ನನ್ನು ಇಲ್ಲೇ ಬಿಟ್ಟು ಹೋದಳು. ಕೀರ್ತಿ ಹೋಯಿತೆಂದು ಮೊದಮೊದಲು ಸಂಕಟಪಟ್ಟೆ. ನಾನೆಲ್ಲಿದ್ದೇನೆಂದು ಈಗ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲವಾದ್ದರಿಂದಲೇ ಅವರು ಒಂದೊಂದು ಬುಡದ ಮುಂದೆಯೂ ನಿಂತು, ಕೋಲಿನಿಂದ ತಟ್ಟಿ, “ಸರ್ಕೊ ದೊರೆಸಾನಿ, ಸೊಪ್ಪು ಕುಯ್ಬೇಕು,” ಎನ್ನುತ್ತಾರೆ. ಹಿಂದೆ ನಾನು ಒಂದೇ ಬುಡದಲ್ಲಿದ್ದೆ. ಈಗ ಇಡೀ ತೋಟವೇ ನಾನು.

ಮೊನ್ನೆ ಮೂಡಲ ಸಾಲಿನಲ್ಲಿ ಚಿಕ್ಕತಾಯಿ ಹಾಗೆಯೇ ತಟ್ಟಿ ಕರೆದಳು. ನನ್ನ ತಮ್ಮ ನನ್ನ ಹೆಸರಿಗೆ ಸರಿದು, ದಾರಿ ಬಿಟ್ಟ.