ಕೆಂಚಯ್ಯ ಮಳೆಗಳ ಮುಖ ನೋಡಿದ ವರ್ಷ

ದುದ್ದದ ಕೆಂಚಯ್ಯನಿಗೆ ಮಳೆಗಳ ಹೆಸರೆಲ್ಲ ಬಾಯಿಪಾಠ. ಭರಣಿಯಿಂದ ಸ್ವಾತಿಯವರೆಗೆ ಯಾವ ಮಳೆ ಎಂದು ಹುಟ್ಟುತ್ತದೆ, ಯಾವುದು ಕೈಕೊಡುತ್ತದೆ, ಯಾವುದನ್ನು ನಂಬಿ ರಾಗಿ ಚೆಲ್ಲಬಹುದು ಎಂದು ಊರಿನವರು ಪಂಚಾಂಗಕ್ಕಿಂತ ಮೊದಲು ಅವನ ಜಗುಲಿಗೆ ಬಂದು ಕೇಳುತ್ತಿದ್ದರು. ಅವನ ಉತ್ತರದಲ್ಲಿ ಅರ್ಧ ಅನುಭವ, ಇನ್ನರ್ಧ ಗತ್ತು. ಆ ಗತ್ತಿಗೆ ಪೆಟ್ಟು ಬಿದ್ದದ್ದು ಮೇ ತಿಂಗಳಲ್ಲಿ, ಹಾಸನದ ಕಣ್ಣಿನ ಡಾಕ್ಟರ ಮುಂದೆ.

"ಎಡಗಣ್ಣು ಹೋಗಿದೆ ಯಜಮಾನ್ರೆ. ಬಲಗಣ್ಣಿನ ನರಾನೂ ಒಣಗ್ತಾ ಇದೆ. ಡ್ರಾಪ್ಸ್ ತಪ್ಪಿಸಬೇಡಿ. ಒಂದು ವರ್ಷ ನಡೆದ್ರೆ ನಡೀತು" ಎಂದರು ಡಾಕ್ಟರು.

ಬಸ್ಸಿನಲ್ಲಿ ಪಕ್ಕ ಕೂತಿದ್ದವಳು ಸೊಸೆ ಧನಲಕ್ಷ್ಮಿ. ಮಲ್ಲಿಪಟ್ಟಣದ ಕಡೆಯ ಹುಡುಗಿ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಅತಿಥಿ ಶಿಕ್ಷಕಿ. ಅರ್ಧ ದಾರಿ ಕಳೆಯಿತು. ಮಾವ ಕಿಟಕಿಯ ಕಡೆ ನೋಡುತ್ತಲೇ ಕೇಳಿದ.

"ಲಕ್ಷ್ಮವ್ವ, ಈ ಮಳೆಗೋಳ ಎಸ್ರೆಲ್ಲ ಚುಕ್ಕಿಗೋಳ ಎಸ್ರಂತೆ, ಅವುದಾ?"

"ಹೌದು ಮಾವ."

"ಐವತ್ತು ವರ್ಸದಿಂದ ಎಸ್ರು ಇಡ್ದು ಕೂಗ್ತಾ ಇವ್ನಿ. ಒಂದ್ರ ಮಕಾನೂ ನೋಡಿಲ್ಲ ಕಣವ್ವ. ಕಣ್ಣು ಓಗಾಕ್ ಮುಂಚೆ ಅವುನ್ನ ನೋಡ್ಬೇಕು."

ಧನಲಕ್ಷ್ಮಿ ನಕ್ಷತ್ರಗಳನ್ನು ಪಾಠ ಮಾಡಿದ್ದಳೇ ಹೊರತು ತಲೆಯೆತ್ತಿ ಹುಡುಕಿದವಳಲ್ಲ. ಆದರೂ "ತೋರಿಸ್ತೀನಿ ಮಾವ" ಎಂದುಬಿಟ್ಟಳು. ತಿಂಗಳೊಳಗೆ ಒಂದು ದುರ್ಬೀನು ತರಿಸಿದಳು, ಮೊಬೈಲಿಗೆ ಆಕಾಶದ ನಕ್ಷೆ ಇಳಿಸಿಕೊಂಡಳು, ರಾತ್ರಿ ಕೂತು ಮಕ್ಕಳ ಹಾಗೆ ಓದಿಕೊಂಡಳು. ಆರಿದ್ರೆ ಎಂದರೆ ಸಾಲಾಗಿ ನಿಂತ ಮೂರು ಚುಕ್ಕಿಗಳ ಹತ್ತಿರದ ಕೆಂಪು ನಕ್ಷತ್ರ ಎಂದು ಮಾವನಿಗೆ ಚಿತ್ರ ಬರೆದು ತೋರಿಸಿದಳು. ಆ ಮೂರು ಚುಕ್ಕಿ ಕೆಂಚಯ್ಯನಿಗೆ ಚಿಕ್ಕಂದಿನಿಂದಲೂ ಗೊತ್ತು.

ಜೂನಿನಲ್ಲಿ ಆರಿದ್ರೆ ಮಳೆ ಹುಟ್ಟಿತು. ಆರಿದ್ರೆ ಆರದೆ ಹುಯ್ಯುತ್ತೆ ಅಂತ ಗಾದೆ. ಆ ವರ್ಷ ಮಾತ್ರ ಮೂರನೆಯ ಸಂಜೆ ಮೋಡ ಹರಿಯಿತು. ಕೆಂಚಯ್ಯ ಯಾರಿಗೂ ಹೇಳದೆ ತಾರಸಿ ಹತ್ತಿದ. ಆರಿದ್ರೆ ಮಳೆಯಲ್ಲಿ ಆರಿದ್ರೆ ನೆತ್ತಿಯ ಮೇಲಲ್ಲದೆ ಇನ್ನೆಲ್ಲಿರುತ್ತದೆ, ಮದುವೆಯ ಹೆಣ್ಣು ತನ್ನ ಮದುವೆಗೇ ಬಾರದಿರುತ್ತಾಳೆಯೇ ಎಂಬುದು ಅವನ ಲೆಕ್ಕ. ಮೂಡಲಿಂದ ಪಡುವಲಕ್ಕೆ ಕತ್ತು ತಿರುಗಿಸಿ ತಿರುಗಿಸಿ ನೋಡಿದ. ಆರಿದ್ರೆ ಹಾಳಾಗಲಿ, ಹುಟ್ಟಿದಾಗಿನಿಂದ ಕಂಡ ಆ ಮೂರು ಚುಕ್ಕಿಯೂ ಇಲ್ಲ. ಡಾಕ್ಟರು ಕೊಟ್ಟ ವರ್ಷ ಒಂದೇ ತಿಂಗಳಿಗೆ ಮುಗಿಯಿತು ಎಂದುಕೊಂಡು ಗೋಡೆ ಹಿಡಿದು ಇಳಿದ.

ಉಣ್ಣಲು ಕೂತವನು ತಟ್ಟೆ ಮುಟ್ಟಲಿಲ್ಲ.

"ಯಾಕೆ, ಮುದ್ದೆ ಮ್ಯಾಲೆ ಮುನಿಸಾ?" ಎಂದಳು ಹೆಂಡತಿ ಪಾರ್ವತಮ್ಮ.

"ಕಣ್ಣು ಓಯ್ತು ಕಣೆ."

"ತಟ್ಟೇಲಿರೋ ಮುದ್ದೆ ಕಾಣ್ತದಾ?"

"ಕಾಣ್ತದೆ."

"ಅಂಗಾದ್ರೆ ಉಣ್ಣು."

ಧನಲಕ್ಷ್ಮಿ ನಡೆದದ್ದನ್ನೆಲ್ಲ ಕೇಳಿ ನಕ್ಕಳು. ಮಾವನ ಮುಖ ನೋಡಿ ನಗು ನುಂಗಿಕೊಂಡಳು. "ಮಾವ, ಆರಿದ್ರೆ ಮಳೇಲಿ ಆರಿದ್ರೆ ಕಾಣಲ್ಲ. ಆ ದಿನಗಳಲ್ಲಿ ಸೂರ್ಯ ಅದರ ಜಾಗದಲ್ಲೇ ನಿಂತಿರ್ತಾನೆ. ಅವನ ಜೊತೆ ಹುಟ್ಟಿ ಅವನ ಜೊತೇಲೇ ಮುಳುಗುತ್ತೆ. ಅದಕ್ಕೇ ಆ ಮಳೆಗೆ ಆ ಹೆಸರು."

ಕೆಂಚಯ್ಯ ತಟ್ಟೆಯನ್ನು ಹತ್ತಿರ ಎಳೆದುಕೊಂಡ. "ಅಂದ್ರೆ ಕಾಣ್ದೆ ಇರೋ ಚುಕ್ಕಿ ಎಸ್ರನ್ನ ಮಳೆಗಿಟ್ರಾ? ಅದು ಅಲ್ಲೇ ಅದೆ ಅಂತ ಅವ್ರಿಗೆಂಗೆ ಗೊತ್ತಾಯ್ತು?"

"ಹಿಂದೆ ಮುಂದೆ ಇರೋ ನಕ್ಷತ್ರ ನೋಡಿ."

ತಲೆತಲಾಂತರದಿಂದ ಹೊಲದಲ್ಲಿ ನಿಂತು ಕೂಗಿದ ಹೆಸರುಗಳ ಹಿಂದೆ ಇಷ್ಟು ದೊಡ್ಡ ಬುದ್ಧಿ ಅಡಗಿತ್ತು, ಅದು ಅವನಿಗೆ ಅರವತ್ತೇಳನೆಯ ವಯಸ್ಸಿಗೆ ಗೊತ್ತಾಗಬೇಕಾಗಿತ್ತು. ಅವತ್ತು ಅವನು ಎರಡು ಮುದ್ದೆ ಉಂಡ.

ಅದೇ ಮಳೆಯಲ್ಲಿ ನಮ್ಮ ದೇಶದವನೊಬ್ಬ ಅಂತರಿಕ್ಷ ನಿಲ್ದಾಣಕ್ಕೆ ಹೋಗಿದ್ದ. ಒಂದು ಮುಂಜಾನೆ ಮೋಡದ ಸಂದಿನಲ್ಲಿ ಆ ನಿಲ್ದಾಣ ಸದ್ದಿಲ್ಲದೆ ಆಕಾಶ ದಾಟುವುದನ್ನು ಮೂವರೂ ಅಂಗಳದಲ್ಲಿ ನಿಂತು ನೋಡಿದರು. "ಅಷ್ಟು ಚಿಕ್ಕ ಬೆಳಕ್ನಾಗೆ ಮನ್ಸ ಅವ್ನಾ? ಊಟಕ್ಕೇನ್ ಮಾಡ್ತಾನೆ?" ಎಂದಳು ಪಾರ್ವತಮ್ಮ. ಕೆಂಚಯ್ಯ ಕೈ ಮುಗಿದ. ದೇವರಿಗೋ ಮನುಷ್ಯನಿಗೋ ಅವನಿಗೇ ತಿಳಿಯಲಿಲ್ಲ.

ಆಗಸ್ಟಿನಲ್ಲಿ, ಆಶ್ಲೇಷ ಮಳೆ ಬಿಡುವು ಕೊಟ್ಟ ಒಂದು ನಸುಕಿಗೆ ಧನಲಕ್ಷ್ಮಿ ಬಾಗಿಲು ತಟ್ಟಿದಳು. ಮೂಡಲಲ್ಲಿ ಶುಕ್ರ, ಗುರು ಎರಡೂ ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದಿದ್ದವು. ಅವುಗಳ ಬಲಕ್ಕೆ, ಇನ್ನೂ ಮೇಲೆ, ಮೂರು ಚುಕ್ಕಿಗಳ ಪಕ್ಕದಲ್ಲಿ ಕೆಂಡದ ಬಣ್ಣದ್ದೊಂದು. ಸೂರ್ಯನ ಬೆನ್ನಿಂದ ಈಚೆ ಬಂದ ಆರಿದ್ರೆ.

"ಬಂದ್ಯಾ ತಾಯಿ" ಎಂದ ಕೆಂಚಯ್ಯ.

ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರೇ ಇಲ್ಲ. ಧನಲಕ್ಷ್ಮಿ ಚಾಚಿದ ಕೈಯ ಮುಷ್ಟಿಯಿಂದ ಆಕಾಶ ಅಳೆಯುವುದನ್ನು ಕಲಿಸಿದಳು; ಅವನು ಅದರಿಂದ ಸೂರ್ಯ ಮುಳುಗುವ ಜಾಗವನ್ನೂ ದಿನಾ ಅಳೆಯತೊಡಗಿದ. ಸೆಪ್ಟೆಂಬರಿನ ಗ್ರಹಣಕ್ಕೆ ಪಾರ್ವತಮ್ಮ ಉಪ್ಪಿನಕಾಯಿ ಜಾಡಿಗೆಲ್ಲ ದರ್ಭೆ ಹಾಕಿ, ಯಾರೂ ಹೊರಗೆ ಕಾಲಿಡಕೂಡದೆಂದು ಆಜ್ಞೆ ಮಾಡಿದಳು. ಗಂಡ, ಸೊಸೆ ಇಬ್ಬರೂ ತಾರಸಿಗೆ ಓಡಿದರು. ಚಂದ್ರ ಹುಣಸೆಹಣ್ಣು ಕಾಣದ ತಾಮ್ರದ ಚೊಂಬಿನಂತಾದ. ಹುಣ್ಣಿಮೆಯ ಬೆಳಕು ಅಡಗಿದ್ದೇ ತಡ, ಎಲ್ಲಿದ್ದವೋ ಸಾವಿರ ಚುಕ್ಕಿ ಹೊರಬಿದ್ದವು. ಬೈಯಲು ಮೇಲೆ ಬಂದ ಪಾರ್ವತಮ್ಮ ಬೈಯುವುದನ್ನೇ ಮರೆತಳು. ಕೊನೆಯಲ್ಲಿ ಇಳಿದವಳೂ ಅವಳೇ, ತಣ್ಣೀರು ಮಿಂದವಳೂ ಅವಳೇ.

ನವೆಂಬರಿನಲ್ಲಿ ನಾಲ್ಕು ಟನ್ನಿಗಿಂತ ಭಾರದ ಉಪಗ್ರಹವೊಂದು ಮೇಲೆ ಹೋಯಿತು. ಅದನ್ನು ನೋಡಿಕೊಳ್ಳುವುದು ಹಾಸನದ ಕೇಂದ್ರದಿಂದಲೇ ಎಂದು ಸೊಸೆ ಹೇಳಿದಾಗ ಕೆಂಚಯ್ಯ, "ಬಸ್ಸಿಗೆ ನಲವತ್ತು ನಿಮಿಸ ಇಲ್ಲ, ಅಂತಾ ಜಾಗ್ದಿಂದ ಆಕಾಸದ್ ವಸ್ತೂನ ಇಡ್ಕಂಡವ್ರಾ!" ಎಂದು ಊರೆಲ್ಲ ಸಾರಿಕೊಂಡು ಬಂದ. ಚಳಿಗಾಲದಲ್ಲಿ ಕೃತ್ತಿಕೆ, ರೋಹಿಣಿ, ಮೃಗಶಿರ ಒಂದರ ಹಿಂದೊಂದು ಸಂಜೆಯ ಆಕಾಶಕ್ಕೆ ಬಂದವು. ಪ್ರತಿಯೊಂದನ್ನೂ ಅವನು ಆ ಮಳೆಯಲ್ಲಿ ತಾನು ಬಿತ್ತಿದ್ದು, ಕಳೆದುಕೊಂಡದ್ದು ಹೇಳಿ ಮಾತಾಡಿಸಿದ.

ಆದರೆ ಸಂಕ್ರಾಂತಿಯ ಹೊತ್ತಿಗೆ ಊದುಗೊಳವೆಯೊಳಗಿಂದ ನೋಡಿದಷ್ಟೇ ಕಾಣುತ್ತಿತ್ತು. ಪುಷ್ಯ, ಆಶ್ಲೇಷ ಎರಡೂ ಮಂಕು ನಕ್ಷತ್ರಗಳು. ದುರ್ಬೀನು ಹಿಡಿದರೂ ಸಿಕ್ಕಲಿಲ್ಲ. ಶಿವರಾತ್ರಿ ಕಳೆದ ಮೇಲೆ ರೋಹಿಣಿಯೂ ಕರಗಿತು. ಅವನು ಇದನ್ನು ಯಾರಿಗೂ ಹೇಳಲಿಲ್ಲ. ಸಂಜೆಯಾದರೆ ಅಭ್ಯಾಸದಂತೆ ತಾರಸಿ ಹತ್ತುತ್ತಿದ್ದ, ಕತ್ತಲೆಗೆ ಮುಖ ಕೊಟ್ಟು ಕೂರುತ್ತಿದ್ದ. ಭಯವಾಗುತ್ತಿತ್ತು.

ಯುಗಾದಿ ಬಂತು. ಮಾರನೆಯ ಸಂಜೆ ಹೊಸ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಬೀಳುವುದು ನಮ್ಮ ಕಡೆಯ ಪದ್ಧತಿ. ಊರಿಗೆ ಊರೇ ಮಾಳಿಗೆ ಹತ್ತಿತ್ತು. ಆ ಎಳೆಯನ್ನು ಪ್ರತಿ ವರ್ಷ ಮೊದಲು ಹಿಡಿಯುವವನು ಕೆಂಚಯ್ಯ. ಎದುರು ತಾರಸಿಯಿಂದ ನಂಜಪ್ಪ ಕೂಗಿದ. "ಕೆಂಚಣ್ಣ, ನಮ್ಗೊಬ್ರಿಗೂ ಕಾಣ್ದು. ಎಲ್ಲವ್ನೆ ಚಂದ್ರ?"

ಕೆಂಚಯ್ಯನ ಕಣ್ಣಿಗೆ ಪಡುವಲ ತುಂಬ ಬೂದಿ ಬಣ್ಣ, ಅಷ್ಟೇ. ಸೂರ್ಯ ಮುಳುಗುವಾಗ ಕೆನ್ನೆಯ ಮೇಲಿನ ಬಿಸಿ ಎತ್ತ ಆರಿತು ಎಂಬುದು, ಇವತ್ತು ಚಂದ್ರ ಶುಕ್ರನ ಪಕ್ಕಕ್ಕೆ ಬರುತ್ತಾನೆಂದು ಸೊಸೆ ಹೇಳಿದ್ದು, ಇಷ್ಟು ಮಾತ್ರ ನೆನಪಿತ್ತು. ಅವನು ತಾರಸಿಯ ಗೋಡೆಯ ಮೂಲೆ ತಡವಿ ದಿಕ್ಕು ಸರಿಮಾಡಿಕೊಂಡ. ಕೈ ಚಾಚಿ ಮುಷ್ಟಿ ಕಟ್ಟಿದ.

"ಕೆರೆ ಏರಿ ಮ್ಯಾಲೆ ಒಂದು ಮುಷ್ಟಿ. ಅದ್ರ ಮ್ಯಾಲೆರಡು ಬೆರಳು. ಸುಕ್ಕುರ ಕಾಣ್ತಾನಾ? ಅವ್ನ ಬಲಕ್ಕೆ ನೋಡ್ಲಾ."

ನಂಜಪ್ಪನೂ ಕೈ ಚಾಚಿ ಮುಷ್ಟಿ ಅಳೆದ. ಆಮೇಲೆ ನಂಜಪ್ಪನ ತಾರಸಿಯಲ್ಲಿ ಹೋ ಎಂದರು. ಅದು ಪಕ್ಕದ ಮನೆಗೆ ಹಬ್ಬಿ, ಬೀದಿಯ ತುದಿಯವರೆಗೆ ಹೋಯಿತು. ಜನ ಬಂದು ಅವನ ಕಾಲು ಮುಟ್ಟಿ ಹೋದರು. ಕೊನೆಗೆ ಧನಲಕ್ಷ್ಮಿ ಬಗ್ಗಿದಳು. ಹರಸಲು ಬಂದ ಕೈ ಅವಳ ತಲೆ ತಪ್ಪಿ ಗಾಳಿಯಲ್ಲಿ ತಡವರಿಸಿತು. ಅವಳೇ ಅದನ್ನು ಹಿಡಿದು ತಲೆಯ ಮೇಲಿಟ್ಟುಕೊಂಡಳು.

"ಮಾವ, ನಿಮಗೆ ಕಾಣ್ತಾ?"

"ಇಲ್ಲ ಕಣವ್ವ. ಸುಕ್ಕುರನೂ ಕಾಣ್ನಿಲ್ಲ" ಎಂದ ಕೆಂಚಯ್ಯ. ಅವನ ಮುಖ ಪಡುವಲಕ್ಕೇ ಇತ್ತು. "ಅಲ್ಲೇ ಅವ್ನೆ ಅಂತ ಗೊತ್ತಿತ್ತು. ಈಗ ಎಂಗವ್ನೆ, ನೀನು ನೋಡಿ ಯೋಳು."

ಧನಲಕ್ಷ್ಮಿ ಕಣ್ಣೊರೆಸಿಕೊಂಡು, ಮಾವನ ಪಕ್ಕದಲ್ಲಿ ನಿಂತು ಹೇಳತೊಡಗಿದಳು.