ಹೊಳೆಪ್ಪನ ಕಾಲು

ಆ ಬೇಸಿಗೆಯಲ್ಲಿ ಘೋಡಗೇರಿಯ ನಮ್ಮ ಓಣಿಯವರಿಗೆ ಯಾರಿಗೂ ಕುಳಿತಲ್ಲಿ ಕೂರಲು ಆಗುತ್ತಿರಲಿಲ್ಲ. ಹೊಳೆಪ್ಪ ತಿರುಗುತ್ತಿದ್ದ. ಬೇವಿನ ಗಿಡದಿಂದ ನಮ್ಮ ಬೇಲಿಗೆ, ಬೇಲಿಯಿಂದ ಅವರ ಮನೆಯ ಕಟ್ಟೆಗೆ, ಮತ್ತೆ ಗಿಡಕ್ಕೆ. ರೊಟ್ಟಿಯನ್ನೂ ತಿರುಗುತ್ತಲೇ ತಿನ್ನುತ್ತಿದ್ದ. ಅವನನ್ನು ನೋಡಿ ನೋಡಿ ಕಸ ಹೊಡೆಯುವವರ ಕೈ ಕೂಡ ಅವಸರ ಮಾಡುತ್ತಿತ್ತು.

ಐವತ್ತೆಂಟನೆಯ ಇಸವಿ ಅದು. ಗುರುಲಿಂಗಪ್ಪನವರ ಹೊಲದಲ್ಲಿ ಹೊಸ ಬಾವಿ ತೋಡುವಾಗ ಒಂದು ಬದಿ ಕುಸಿದಿತ್ತು. ಒಳಗಿದ್ದವರು ಹೊಳೆಪ್ಪ ಮತ್ತು ಅವನ ಗೆಳೆಯ ದುರ್ಗಪ್ಪ. ದುರ್ಗಪ್ಪ ಮಣ್ಣಿನಡಿ ಹೋದ. ಹೊಳೆಪ್ಪ ಎದೆಮಟ ಹುಗಿದುಕೊಂಡು ಹೊತ್ತು ಇಳಿಯುವತನಕ ಕೂಗುತ್ತ ನಿಂತಿದ್ದ. ಎಳೆದು ತೆಗೆದಾಗ ಮೈಮೇಲೆ ಗಾಯವಿರಲಿಲ್ಲ. ಡಾಕ್ಟರರು ಒತ್ತಿ ನೋಡಿ ಎಲುಬು ಮುರಿದಿಲ್ಲ ಅಂದರು. ಅದು ಖರೆಯೇ ಇತ್ತು. ಆದರೆ ಹೊಳೆಪ್ಪನಿಗೆ ಮೊಣಕಾಲ ಕೆಳಗೆ ಏನೂ ತಿಳಿಯುತ್ತಿರಲಿಲ್ಲ. ನಿಂತರೆ ಕಾಲು ಹೋಗಿಬಿಡುತ್ತವೆ ಅನ್ನುತ್ತಿದ್ದ. ಅದಕ್ಕೇ ನಿಲ್ಲುತ್ತಿರಲಿಲ್ಲ, ಸೂರಿನ ಕೆಳಗೂ ಬರುತ್ತಿರಲಿಲ್ಲ.

ಇಂಥದರೊಳಗೆ ಅವನ ಹೆಂಡತಿ ಕರೆವ್ವ ಹೆಣ್ಣು ಹೆತ್ತಳು. ಅವಳು ತಾಯಿ ಇಲ್ಲದ ಹುಡುಗಿಯಾದ್ದರಿಂದ ಬಾಣಂತನ ಗಂಡನ ಮನೆಯಲ್ಲೇ. ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕುವ ಕೆಲಸ ನನ್ನದು. ನಮ್ಮ ಓಣಿಯ ಕೂಸುಗಳೆಲ್ಲ ನನ್ನ ಕಾಲಮೇಲೆಯೇ ಮಲಗಿ ಎದ್ದವು. ಹೊಳೆಪ್ಪ ಮಗಳನ್ನು ಒಂದು ಸಲವೂ ಮುಟ್ಟಲಿಲ್ಲ. ನಾಗನೂರಿನಿಂದ ಕರೆವ್ವನ ಅಣ್ಣ ಉದ್ದಪ್ಪ ಬಂದು ನೋಡಿ ಸಿಟ್ಟಾದ. ತೊಟ್ಟಿಲಿಗೆ ಹಾಕುವ ದಿನ ಅಪ್ಪನಾದವನು ಕೂಸನ್ನು ತೊಡೆಯ ಮೇಲೆ ತೆಗೆದುಕೊಳ್ಳದಿದ್ದರೆ ತಂಗಿಯನ್ನು ಕರೆದೊಯ್ದು ಬೇರೆ ಕಡೆ ಉಡಿಕೆ ಮಾಡಿಕೊಡುತ್ತೇನೆ ಎಂದು ಹೇಳಿ ಹೋದ. ನಮ್ಮಲ್ಲಿ ಹೆಣ್ಣಿಗೆ ಎರಡನೆಯ ಮದುವೆ ಇತ್ತು. ಅದು ಬರೀ ಬೆದರಿಕೆಯ ಮಾತಲ್ಲ. ಕರೆವ್ವ ಆ ದಿನದಿಂದ ಹಾಲು ಕುಡಿಸುವಾಗಲೂ ಬಾಗಿಲ ಕಡೆಗೇ ನೋಡುತ್ತಿದ್ದಳು.

ಹೊಳೆಪ್ಪನ ತಾಯಿ ಸಾತವ್ವನಿಗೂ ಅವಸರವಾಯಿತು. ಕೀಲು ಹಿಡಿದವರನ್ನು ಹೊಳೆಯ ಬಿಸಿ ಉಸುಕಿನಲ್ಲಿ ಹುಗಿದು ಕೂರಿಸುವುದು ನಮ್ಮ ಕಡೆಯ ಹಳೆಯ ಮದ್ದು. ಅವರಿವರ ಕೈಕಾಲು ಅದರಿಂದ ಸಡಿಲಾದದ್ದನ್ನು ಎಲ್ಲರೂ ಕಂಡಿದ್ದರು. ಹಾಗಾಗಿ ಮಗನನ್ನು ಗಂಡಸರಿಂದ ಹಿಡಿಸಿ ಹೊಳೆಗೆ ಒಯ್ದಳು. ಉಸುಕು ಮೊಣಕಾಲಿಗೆ ಬಂದಾಗ ಹೊಳೆಪ್ಪ ಸುಮ್ಮನಾದ. ಗುಣ ಹತ್ತಿತು ಅಂದುಕೊಂಡು ಅವರು ಸೊಂಟದತನಕ ತುಂಬಿದರು. ಆಮೇಲೆ ಅವನು ಹೇಗೆ ಎದ್ದ, ಯಾರನ್ನು ಕಚ್ಚಿದ, ಒಬ್ಬರಿಗೂ ಸರಿಯಾಗಿ ಹೇಳಲು ಬರಲಿಲ್ಲ. ಮರುದಿನ ಹತ್ತರಗಿ ರಸ್ತೆಯಲ್ಲಿ ಸಿಕ್ಕ. ಅಂಗಾಲು ಹರಿದು ಹೋಗಿದ್ದವು. ಅವನಿಗೆ ಅದೂ ಗೊತ್ತಿರಲಿಲ್ಲ.

ಒಂದು ಮುಂಜಾನೆ ಹಿತ್ತಲ ಕಲ್ಲಿನ ಮೇಲೆ ಕಾಲು ಚಾಚಿ ಕುಳಿತು ಕೂಸಿಗೆ ಔಡಲೆಣ್ಣೆ ತಿಕ್ಕುತ್ತಿದ್ದೆ. ಬೇಲಿಯಾಚೆ ಹೊಳೆಪ್ಪನ ಹೆಜ್ಜೆ ಹೋಗುತ್ತಿತ್ತು, ಬರುತ್ತಿತ್ತು. ಕೂಸು ಮೈ ಸೆಟೆಸಿತು. ನಾನು ಕೈ ಎತ್ತಿದೆ. ಅದು ಸಡಿಲಾದ ಮೇಲೆ ಮತ್ತೆ ಹಚ್ಚಿದೆ. ಹೆಜ್ಜೆಯ ಸಪ್ಪಳ ನಿಂತಿತ್ತು.

“ಚಿಗವ್ವಾ, ಕೈ ಯಾಕ ತಗದಿ?”

“ಅದಕ್ಕ ಬ್ಯಾಡಾಗಿತ್ತಪಾ.”

ಅವನು ಗಿಡದತನಕ ಹೋಗಿ ಬಂದ. “ನಾ ಬ್ಯಾಡ ಅಂದ್ರೂ ತಗೀತಿ?”

ತೆಗೆಯುತ್ತೇನೆ ಅಂದೆ. ನನಗೂ ಅದರಾಚೆ ಏನೂ ಹೊಳೆದಿರಲಿಲ್ಲ.

ಮೊದಲ ದಿನ ಬೇಲಿ ದಾಟಿ ಬಂದು ನನ್ನೆದುರು ಕಾಲು ಚಾಚಿ ಕುಳಿತವನು, ಎಣ್ಣೆ ಹಚ್ಚಲು ನನ್ನ ಕೈ ತಾಗುವ ಮುಂಚೆಯೇ “ಸಾಕು” ಅಂದು ಎದ್ದು ಹೋದ. ನಾನು ಎಣ್ಣೆಯ ಬಟ್ಟಲು ಹಿಡಿದು ಕುಳಿತೇ ಇದ್ದೆ. ಮತ್ತೆ ಬಂದ, ಮತ್ತೆ ಸಾಕು ಅಂದ. ಕೆಲವು ಸಲ ಸುಮ್ಮನೆ ಪರೀಕ್ಷೆ ಮಾಡಲು ಅನ್ನುತ್ತಿದ್ದ. ಅದು ಗೊತ್ತಾದರೂ ಕೈ ಎತ್ತುತ್ತಿದ್ದೆ. ಸಾತವ್ವ ಕಟ್ಟೆಯ ಮೇಲಿಂದ, “ಗಂಡಸಿಗೂ ಬಾಣಂತನ ಸುರು ಮಾಡಿದ್ಯಾ ಭರಮವ್ವಾ? ನಾಳಿ ತಲೀಗಿ ಅರಿವಿ ಕಟ್ಟಿ ಖಾರ ತಿನಸು” ಅಂದಳು. ಹೊಳೆಪ್ಪ ನಕ್ಕ. ಬಾವಿ ಕುಸಿದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಬೆರಳಿಂದ ಹಿಮ್ಮಡಿ, ಹಿಮ್ಮಡಿಯಿಂದ ಮೀನಗಂಡ. ಬಲಗಾಲ ಮೀನಗಂಡದ ಮೇಲೆ ಕೈ ಇಟ್ಟ ದಿನ ಅವನ ಕಾಲು ನಡುಗಲು ಹತ್ತಿತು. ತೊಡೆ, ಹೊಟ್ಟೆ, ಗದ್ದ, ಎಲ್ಲ ನಡುಗಿದವು. ಸಾತವ್ವ ಓಡಿಬಂದು ಮಗನ ಭುಜ ಅದುಮಿ ಹಿಡಿಯಲು ಹೋದಳು. ಹಿಡಿಯಬೇಡ, ಅವನು ಸಾಕು ಅಂದಿಲ್ಲ ಅಂದೆ. ನಡುಕ ತಾನಾಗಿ ಇಳಿಯಿತು.

“ದುರ್ಗ್ಯಾ ಇಲ್ಲೇ ಹಿಡದಿದ್ದ,” ಅಂದ ಹೊಳೆಪ್ಪ. “ಮಣ್ಣಾಗ. ನನ್ನ ಕಾಲು ಹಿಡದಿದ್ದ. ಆಮ್ಯಾಲ ಬಿಟ್ಟ.”

ಸಾತವ್ವ ಅಲ್ಲೇ ನೆಲಕ್ಕೆ ಕುಳಿತಳು.

ತೊಟ್ಟಿಲ ದಿನ ಉದ್ದಪ್ಪ ಬಿಸಿಲೇರುವ ಮೊದಲೇ ಗಾಡಿ ಕಟ್ಟಿಕೊಂಡು ಬಂದ. ಕೂಡಲೇ ಹೊರಡುವವನಂತೆ ಎತ್ತುಗಳ ಕೊಳ್ಳು ಹರಿದು ನೊಗದಿಂದ ಬಿಡಲೂ ಇಲ್ಲ. ಹೊಳೆಪ್ಪ ಅಂಗಳದಲ್ಲಿ ತಿರುಗುತ್ತಿದ್ದ. ಕರೆವ್ವ ಮಾತ್ರ ಕೂಸನ್ನು ಎತ್ತಿಕೊಂಡು ಹೊರಗೆ ಬಂದು ನಿಂತಳು. ಕರೆಯಲಿಲ್ಲ. ಅವನೇ ಬಂದು ಕುಳಿತು ಕಾಲು ಚಾಚಿದ. ಅವಳು ಕೂಸನ್ನು ಅವನ ಕಾಲಮೇಲೆ ಮಲಗಿಸಿದಳು. ಅವನ ಮುಖದ ಬಣ್ಣ ಇಳಿಯಿತು.

“ಸಾಕು.”

ಅವಳು ತಕ್ಷಣ ಎತ್ತಿಕೊಂಡಳು. ಉದ್ದಪ್ಪ, ನೋಡಿದಿಯಲ್ಲ, ಇನ್ನೇನು ನೋಡುವುದಿದೆ ಎಂದು ತಂಗಿಯ ಗಂಟನ್ನು ಗಾಡಿಗೆ ಹಾಕಿದ. ಹೊಳೆಪ್ಪ ಗಿಡ ಸುತ್ತಿ ಬಂದು ಮತ್ತೆ ಕುಳಿತ. “ಈಗ ಕೊಡು.” ಕೊಟ್ಟಳು. ಸಾಕು ಅಂದ, ಎತ್ತಿಕೊಂಡಳು. ಹೀಗೇ ನಡೆಯಿತು. ಉದ್ದಪ್ಪ ಬೈಯುತ್ತ ಗಾಡಿಯ ಮೂಕಿಯ ಮೇಲೆ ಕುಳಿತ, ಎದ್ದ, ಮತ್ತೆ ಕುಳಿತ.

ಒಂದು ಸಲ ಕೂಸು ಅವನ ಕಾಲಮೇಲೆಯೇ ಉಚ್ಚೆ ಹೊಯ್ದಿತು. ಕರೆವ್ವ ಕೈ ಚಾಚಿದಳು. ಹೊಳೆಪ್ಪ ತಲೆ ಅಲ್ಲಾಡಿಸಿ ತಡೆದ. ಮೊಣಕಾಲ ಕೆಳಗೆ ಹರಿದು ಹೋಗುವುದನ್ನು ಬಗ್ಗಿ ನೋಡಿದ.

“ಬಿಸಿ ಐತಿ,” ಅಂದ.

ಕರೆವ್ವ ಅಣ್ಣನ ಕಡೆ ತಿರುಗಿದಳು. “ಉಂಡು ಹೋಗು ಅಣ್ಣಾ. ನಾ ಬರೂದಿಲ್ಲ.”

ಉದ್ದಪ್ಪ ಎದ್ದು ಎತ್ತುಗಳ ಕೊಳ್ಳು ಹರಿದ. ಹೊಳೆಪ್ಪ ಅಷ್ಟರಲ್ಲಿ ಮತ್ತೆ ತಿರುಗಲು ಹತ್ತಿದ್ದ, ಹಸಿ ಕಾಲಿಗೆ ಧೂಳು ಮೆತ್ತಿಕೊಂಡು. ತೊಟ್ಟಿಲನ್ನು ಒಳಗೆ ಕಟ್ಟುವುದೋ ಹೊರಗೆ ಗಿಡಕ್ಕೆ ಕಟ್ಟುವುದೋ ಎಂದು ಸಾತವ್ವ ಅವನ ಹಿಂದೆ ಹಿಂದೆ ಕೇಳುತ್ತ ಹೋದಳು.